ಘಟ್ಟ ಹತ್ತುವ ರೈಲಿಗೆ ‘ಡೌನ್’ ಎಂಬ ಹೆಸರೇಕೆ?

1980ರ ದಶಕದ ಕೊನೆಯ ವರ್ಷಗಳಲ್ಲಿ ನಾನು ಉತ್ತರ ಕರ್ನಾಟಕದ ಒಂದೆಡೆ ಉಪವಿಭಾಗಾಧಿಕಾರಿಯಾಗಿದ್ದೆ. ಅಲ್ಲಿನ ಸಣ್ಣ ರೈಲು ನಿಲ್ದಾಣವೊಂದರ ಪಕ್ಕದಲ್ಲಿ ಹಳಿ ವಿಸ್ತರಣೆಗಾಗಿ ನಾಲ್ಕು ಎಕರೆಯಷ್ಟು ಭೂಮಿಯನ್ನು ಸ್ವಾಧೀನಪಡಿಸಿಕೊಡುವಂತೆ ಕೋರಿಕೆ ಬಂದಿತ್ತು. ಬೇಕಾದ ಜಮೀನು ‘ಡೌನ್ ಹೋಮ್ ಸಿಗ್ನಲ್’ ಇರುವ ತುದಿಯಲ್ಲಿದೆ ಎಂದು ಪತ್ರದಲ್ಲಿ ನಮೂದಾಗಿತ್ತು. ಜೊತೆಗಿದ್ದ ನಕ್ಷೆಯ ಪ್ರತಿ ಮಸುಕಾಗಿದ್ದು ಸರ್ವೆ ನಂಬರುಗಳು ಓದಲು ಬರುವಂತಿರಲಿಲ್ಲ. ಡೌನ್ ರೈಲು ಯಾವ ದಿಕ್ಕಿಗೆ ಹೋಗುತ್ತದೆಯೋ ಆ ತುದಿಯಲ್ಲೇ ಡೌನ್ ಸಿಗ್ನಲ್ ಇರಬೇಕೆಂದು ನಮ್ಮ ಕಚೇರಿ ಭಾವಿಸಿತು. ನಾನೂ ಹಾಗೆಯೇ ಭಾವಿಸಿ 4(1) ಅಧಿಸೂಚನೆಯ ಕರಡಿಗೆ ರುಜು ಹಾಕಿದೆ. ವಾಸ್ತವದಲ್ಲಿ ಹೋಮ್ ಸಿಗ್ನಲ್ ಎಂಬುದು ನಿಲ್ದಾಣದೊಳಕ್ಕೆ ಬರುವ ರೈಲನ್ನು ಹೊರಗೇ ತಡೆದು ನಿಲ್ಲಿಸಲು ಇರುವಂಥದು. ಡೌನ್ ರೈಲನ್ನು ತಡೆಯುವ ಸಿಗ್ನಲ್ ಆ ರೈಲು ಬರುವ ತುದಿಯಲ್ಲಿರುತ್ತದೆಯೇ ಹೊರತು ಹೋಗುವ ತುದಿಯಲ್ಲಿ ಅಲ್ಲ. ಹೀಗಾಗಿ ನಿಲ್ದಾಣದ ಪೂರ್ವಕ್ಕಿದ್ದ ಜಮೀನಿನ ಬದಲು ಪಶ್ಚಿಮಕ್ಕಿದ್ದ ಜಮೀನು ಅಧಿಸೂಚನೆಯಲ್ಲಿ ಸೇರಿಹೋಯಿತು.

ಪ್ರಮಾದ ಬೆಳಕಿಗೆ ಬಂದುದು ರೈತರೊಬ್ಬರು ಪಹಣಿ ಹಿಡಿದುಕೊಂಡು ಕಚೇರಿಗೆ ಬಂದಾಗ. 11ನೇ ಕಾಲಂನಲ್ಲಿ ಭೂಸ್ವಾಧೀನದ ನಮೂದು ಬಿದ್ದುದರಿಂದ ಸೊಸೈಟಿಯವರು ಅವರಿಗೆ ಬೆಳೆಸಾಲ ನಿರಾಕರಿಸಿದ್ದರು. ಒಂದು ಮುಂಗಾರು ಕಳೆದುಹೋಗಿತ್ತು, ಹಿಂಗಾರಿಯೂ ಹತ್ತಿರದಲ್ಲಿತ್ತು. ನಾನು ಅಪ್-ಡೌನ್‌ಗಳ ವಿವರಣೆ ಕೊಡತೊಡಗಿದೆ. ಅವರು ಸಾವಧಾನವಾಗಿ ಕೇಳಿ, “ಸಾಹೇಬ್ರ, ಊರ ಕಡಿ, ಹಳ್ಳದ ಕಡಿ ಅಂತ ಬರದಿದ್ರ ಇದೆಲ್ಲ ಆಗ್ತಿತ್ತೇನ್ರೀ?” ಎಂದರು. ನಮೂದನ್ನು ತೆಗೆಸುವಷ್ಟರಲ್ಲಿ ಹಿಂಗಾರಿಯೂ ಮುಗಿದಿತ್ತು. ರುಜು ನನ್ನದೇ ಆದ್ದರಿಂದ ಈ ಎರಡು ಪದಗಳ ಬಗ್ಗೆ ನನಗೆ ಅಂದಿನಿಂದಲೂ ಒಂದು ಬಗೆಯ ಋಣವಿದೆ.

ಸಾಮಾನ್ಯ ಪ್ರಯಾಣಿಕನಿಗೆ ‘ಅಪ್’ ಎಂದರೆ ಹೋಗುವುದು, ‘ಡೌನ್’ ಎಂದರೆ ಬರುವುದು. ಬಸ್ಸಿನವರ ಬಾಯಲ್ಲೂ ‘ಅಪ್ ಅಂಡ್ ಡೌನ್’ ಎಂದರೆ ಹೋಗಿ ಬರುವುದಷ್ಟೆ. ಆದರೆ ರೈಲ್ವೆಯಲ್ಲಿ ಇವು ದಿಕ್ಕಿನ ಹೆಸರುಗಳು. ಮೂಲ ಇಂಗ್ಲೆಂಡಿನದು. ಅಲ್ಲಿ ಲಂಡನ್ನಿನ ಕಡೆಗೆ ಹೋಗುವುದೆಲ್ಲ ಅಪ್, ಅಲ್ಲಿಂದ ಹೊರಡುವುದೆಲ್ಲ ಡೌನ್. ಇದಕ್ಕೂ ನೆಲದ ಏರಿಳಿತಕ್ಕೂ ಸಂಬಂಧವಿಲ್ಲ. ಮಿಡ್‌ಲ್ಯಾಂಡ್ ರೈಲ್ವೆ ಕಂಪನಿಗೆ ಲಂಡನ್ ಸಹ ಮುಖ್ಯವಾಗಿರಲಿಲ್ಲ. ಅದರ ಮುಖ್ಯ ಕಚೇರಿ ಡರ್ಬಿಯಲ್ಲಿದ್ದುದರಿಂದ ಡರ್ಬಿಯ ಕಡೆಗೆ ಹೋಗುವುದೇ ಅದರ ಲೆಕ್ಕದಲ್ಲಿ ಅಪ್. ವೇಲ್ಸ್‌ನ ಕಾರ್ಡಿಫ್ ಸುತ್ತಲಿನ ಕಣಿವೆಗಳಲ್ಲಿ ಮಾತ್ರ ಆ ಪದಗಳಿಗೆ ಅವುಗಳ ಸಹಜಾರ್ಥ ಉಳಿದುಕೊಂಡಿದೆ: ಕಣಿವೆಯ ಮೇಲ್ಭಾಗಕ್ಕೆ ಹೋಗುವುದು ಅಪ್, ಕೆಳಕ್ಕೆ ಬರುವುದು ಡೌನ್.

ಇದು ಕೇವಲ ಬ್ರಿಟಿಷರ ಅಭ್ಯಾಸವೆಂದು ತಿಳಿಯಬೇಕಿಲ್ಲ. ಚೀನಾದಲ್ಲಿ ಬೀಜಿಂಗ್ ಕಡೆಗಿನ ರೈಲು ‘ಮೇಲಕ್ಕೆ’ ಹೋಗುತ್ತದೆ, ಅದಕ್ಕೆ ಸಮಸಂಖ್ಯೆ. ಬೀಜಿಂಗಿನಿಂದ ದೂರ ಸರಿಯುವ ರೈಲು ‘ಕೆಳಕ್ಕೆ’, ಅದಕ್ಕೆ ಬೆಸಸಂಖ್ಯೆ. ಜಪಾನಿನಲ್ಲಿ ಟೋಕಿಯೊ ಕಡೆಗೆ ಹೋಗುವುದು ‘ನೊಬೊರಿ’, ಎಂದರೆ ಏರುವುದು. ರೈಲು ಬರುವುದಕ್ಕೆ ಬಹು ಹಿಂದೆಯೇ ಆ ಪದ ಅಲ್ಲಿ ಬಳಕೆಯಲ್ಲಿತ್ತು. ಆಗ ಏರುವುದೆಂದರೆ ಚಕ್ರವರ್ತಿಯಿದ್ದ ಕ್ಯೋಟೊಗೆ ಹೋಗುವುದು. 1869ರಲ್ಲಿ ಚಕ್ರವರ್ತಿ ಟೋಕಿಯೊಗೆ ಬಂದು ನೆಲೆಸಿದ ಮೇಲೆ ರೈಲುಗಳು ಟೋಕಿಯೊಗೆ ಏರತೊಡಗಿದವು. ಬೆಟ್ಟಗಳು ಇದ್ದಲ್ಲಿಯೇ ಇದ್ದವು, ಅಧಿಕಾರ ಮಾತ್ರ ಸ್ಥಳ ಬದಲಿಸಿತ್ತು.

ಭಾರತಕ್ಕೆ ಬಂದರೆ ಚಿತ್ರ ಇನ್ನಷ್ಟು ಸ್ವಾರಸ್ಯಕರ. ಮುಂಬೈನಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಇಂಗ್ಲೆಂಡಿನ ಸೂತ್ರವನ್ನೇ ಪಾಲಿಸಿತು: ಮುಂಬೈ ಕಡೆಗೆ ಅಪ್, ಮುಂಬೈನಿಂದ ಡೌನ್. ಇಂದಿಗೂ ಅಲ್ಲಿ ಹಾಗೆಯೇ ಇದೆ. ಇದರ ಫಲವೇನೆಂದರೆ, ಕರ್ಜತ್‌ನಿಂದ ಲೋನಾವಳಕ್ಕೆ 1:37ರ ಕಡಿದಾದ ಏರನ್ನು ಹಿಂದಿನಿಂದ ಎಂಜಿನ್‌ಗಳು ತಳ್ಳುತ್ತಿರಲು ಏದುಸಿರು ಬಿಡುತ್ತ ಹತ್ತುವ ರೈಲು ‘ಡೌನ್’. ಬ್ರೇಕಿನ ಮೇಲೆ ಎಚ್ಚರದಿಂದ ಇಳಿದು ಸಮುದ್ರ ತೀರ ಸೇರುವ ರೈಲು ‘ಅಪ್’! 1974ರ ‘27 ಡೌನ್’ ಎಂಬ ಹಿಂದಿ ಚಿತ್ರವನ್ನು ನಮ್ಮ ತಲೆಮಾರಿನ ಕೆಲವರಾದರೂ ನೋಡಿರಬಹುದು. ಅದು ಮುಂಬೈನಿಂದ ವಾರಾಣಸಿಗೆ ಹೋಗುತ್ತಿದ್ದ ರೈಲಿನ ಸಂಖ್ಯೆ.

ಕಲ್ಕತ್ತೆಯಲ್ಲಿ ಇದು ತಲೆಕೆಳಗು. ಈಸ್ಟ್ ಇಂಡಿಯನ್ ರೈಲ್ವೆಯ ಲೆಕ್ಕದಲ್ಲಿ ಹೌರಾದಿಂದ ಹೊರಡುವುದು ಅಪ್, ಹೌರಾಕ್ಕೆ ಬರುವುದು ಡೌನ್. ಹೌರಾದಿಂದ ಹೊರಡುತ್ತಿದ್ದ ಪ್ರಸಿದ್ಧ ಕಾಲ್ಕಾ ಮೇಲ್ ‘1 ಅಪ್’ ಆಗಿತ್ತು. (1941ರ ಜನವರಿಯಲ್ಲಿ ನೇತಾಜಿ ಗೃಹಬಂಧನದಿಂದ ತಪ್ಪಿಸಿಕೊಂಡು ಗೋಮೋದಲ್ಲಿ ಹತ್ತಿದ್ದು ಇದೇ ಕಾಲ್ಕಾ ಮೇಲನ್ನು, 2021ರಿಂದ ಅದರ ಹೆಸರು ನೇತಾಜಿ ಎಕ್ಸ್‌ಪ್ರೆಸ್.) ಕಲ್ಕತ್ತೆಯವರಿಗೆ ಗಂಗೆಯ ಪ್ರವಾಹಕ್ಕೆ ಎದುರಾಗಿ ಒಳನಾಡಿಗೆ ಹೋಗುವುದೇ ‘ಮೇಲಕ್ಕೆ’ ಹೋಗುವುದಾಗಿತ್ತು; ದೋಣಿಯ ಕಾಲದ ಆ ಮಾತು ರೈಲಿಗೂ ದಾಟಿರಬೇಕೆಂದು ನನ್ನ ಊಹೆ. ಇಂದಿಗೂ ಬಂಗಾಳದ ದಿನಪ್ರಯಾಣಿಕರು ಬೆಳಗ್ಗೆ ‘ಡೌನ್’ ಲೋಕಲ್ ಹಿಡಿದು ಹೌರಾಕ್ಕೆ ಬರುತ್ತಾರೆ, ಮುಂಬೈನವರು ಅದೇ ಹೊತ್ತಿಗೆ ‘ಅಪ್’ ಲೋಕಲ್‌ನಲ್ಲಿ ನೇತಾಡುತ್ತಿರುತ್ತಾರೆ. ದೆಹಲಿಯ ಪಾಡಂತೂ ವಿಚಿತ್ರ. 1911ರಲ್ಲಿ ರಾಜಧಾನಿಯೆಂದು ಘೋಷಿತವಾದರೂ ಅದು ಕಲ್ಕತ್ತೆಯಿಂದ ನೋಡಿದರೆ ಅಪ್, ಮುಂಬೈನಿಂದ ನೋಡಿದರೆ ಡೌನ್. ಹಳಿ ಹಾಕಿದ ಕಂಪನಿಗಳ ದೃಷ್ಟಿಯಲ್ಲಿ ಬಂದರು ಮುಖ್ಯವಾಗಿತ್ತು, ರಾಜಧಾನಿ ಅಲ್ಲ.

ಅರ್ಥಶಾಸ್ತ್ರ ಓದಿದವನಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹತ್ತಿಯನ್ನೋ ಕಾಫಿಯನ್ನೋ ಒಳನಾಡಿನಿಂದ ಬಂದರಿಗೆ ಒಯ್ದು, ಬಂದರಿನಿಂದ ಸಿದ್ಧವಸ್ತುಗಳನ್ನು ಒಳನಾಡಿಗೆ ತರುವುದು ಆ ಹಳಿಗಳ ಮೊದಲ ಉದ್ದೇಶಗಳಲ್ಲಿ ಒಂದು. ಕಿಲೋಮೀಟರ್ ಕಲ್ಲುಗಳನ್ನೂ ಅಲ್ಲಿಂದಲೇ ಎಣಿಸಲಾಯಿತು. ಕಲಬುರಗಿಯಲ್ಲಿ ಹಳಿಯ ಪಕ್ಕದ ಕಂಬಗಳ ಮೇಲೆ ಇಂದಿಗೂ ಕಾಣುವುದು ಮುಂಬೈನಿಂದ ಎಣಿಸಿದ ದೂರ.

ನಮ್ಮ ಭಾಷೆಗಳಿಗೆ ತಮ್ಮದೇ ಆದ ಮೇಲು-ಕೆಳಗುಗಳಿದ್ದವು. ಕರಾವಳಿಯವರಿಗೆ ನಾವು ‘ಘಟ್ಟದ ಮೇಲಿನವರು’, ನಮಗೆ ಅವರು ‘ಘಟ್ಟದ ಕೆಳಗಿನವರು’. ಇದರಲ್ಲಿ ಅಧಿಕಾರದ ಸೋಂಕಿಲ್ಲ. ಮಳೆನೀರು ಹರಿಯುವ ದಿಕ್ಕನ್ನು ನೋಡಿ ಹುಟ್ಟಿದ ಮಾತು. ತಮಿಳಿನಲ್ಲಿ ಪಶ್ಚಿಮಕ್ಕೆ ‘ಮೇರ್ಕು’, ಪೂರ್ವಕ್ಕೆ ‘ಕಿಳಕ್ಕು’ ಎನ್ನುತ್ತಾರೆ. ಒಂದರಲ್ಲಿ ‘ಮೇಲ್’ ಇದೆ, ಇನ್ನೊಂದರಲ್ಲಿ ‘ಕೀಳ್’ ಇದೆ; ಅವರ ನೆಲ ಪಶ್ಚಿಮದ ಬೆಟ್ಟಗಳಿಂದ ಪೂರ್ವದ ಸಮುದ್ರಕ್ಕೆ ಇಳಿಜಾರಾಗಿದೆ. ಈ ಹಳೆಯ ಲೆಕ್ಕದಂತೆ ಸಮುದ್ರ ಮಟ್ಟದ ಚೆನ್ನೈನಿಂದ 900 ಮೀಟರ್ ಎತ್ತರದ ಬೆಂಗಳೂರಿಗೆ ಬರುವವನು ನಿಸ್ಸಂಶಯವಾಗಿ ಮೇಲಕ್ಕೆ ಬರುತ್ತಾನೆ. 1864ರಲ್ಲಿ ಮದ್ರಾಸ್ ರೈಲ್ವೆ ಕಂಪನಿ ಜೋಲಾರಪೇಟೆಯಿಂದ ಬೆಂಗಳೂರು ದಂಡು ಪ್ರದೇಶಕ್ಕೆ ಹಳಿ ತಂದಾಗ, ಮುಖ್ಯ ಕಚೇರಿಯ ಕಡೆಗೆ ಹೋಗುವುದೇ ಅಪ್ ಎಂಬ ಸೂತ್ರ ಬೆಂಗಳೂರನ್ನು ಚೆನ್ನೈನ ಕೆಳಗೆ ತಂದು ನಿಲ್ಲಿಸಿತು.

ಮೈಸೂರು ಸಂಸ್ಥಾನ ತನ್ನದೇ ಹಳಿಯನ್ನು ಹಾಕಿದ್ದುಂಟು. 1877-78ರ ಮಹಾಕ್ಷಾಮದ ನಂತರ ಬೆಂಗಳೂರು-ಮೈಸೂರು ಮೀಟರ್ ಗೇಜ್ ಮಾರ್ಗ ಸಿದ್ಧವಾಗಿ 1882ರಲ್ಲಿ ಮೈಸೂರು ತಲಪಿತು. ಆದರೆ ಸಾಲದ ಹೊರೆಯಲ್ಲಿದ್ದ ಸಂಸ್ಥಾನ 1886ರಲ್ಲಿ ಅದರ ನಿರ್ವಹಣೆಯನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಒಪ್ಪಿಸಬೇಕಾಯಿತು. 1951ರಲ್ಲಿ ದಕ್ಷಿಣ ರೈಲ್ವೆ ರೂಪುಗೊಂಡಾಗ ಕೇಂದ್ರಸ್ಥಾನ ಮದ್ರಾಸ್. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ಹುಬ್ಬಳ್ಳಿ ವಿಭಾಗ ಸಿಕಂದರಾಬಾದಿನ ಪಾಲಾಯಿತು. ಕರ್ನಾಟಕದೊಳಗೆ ಕೇಂದ್ರಸ್ಥಾನವುಳ್ಳ ನೈರುತ್ಯ ರೈಲ್ವೆ ಕಾರ್ಯಾರಂಭ ಮಾಡಿದ್ದು 2003ರ ಏಪ್ರಿಲ್ 1ರಂದು, ಅದೂ ಬೆಂಗಳೂರೋ ಹುಬ್ಬಳ್ಳಿಯೋ ಎಂಬ ದೀರ್ಘ ಹಗ್ಗಜಗ್ಗಾಟದ ನಂತರ. ಎಂದರೆ ಬೆಂಗಳೂರಿಗೆ ಮೊದಲ ರೈಲು ಬಂದ 139 ವರ್ಷಗಳ ಬಳಿಕ.

ಅಷ್ಟಾದರೂ ರಾಜ್ಯದ ಹಳಿಗಳೆಲ್ಲ ಒಂದೆಡೆ ಸೇರಲಿಲ್ಲ. ಕಲಬುರಗಿ ಸೊಲ್ಲಾಪುರ ವಿಭಾಗದಲ್ಲಿ, ರಾಯಚೂರು ಗುಂತಕಲ್ ವಿಭಾಗದಲ್ಲಿ, ಬೀದರ್ ಸಿಕಂದರಾಬಾದಿನಲ್ಲಿ, ಮಂಗಳೂರು ಪಾಲಕ್ಕಾಡ್‌ನಲ್ಲಿ. ಕಾರವಾರ, ಉಡುಪಿಗಳ ಮೂಲಕ ಹೋಗುವುದು ಕೊಂಕಣ ರೈಲ್ವೆ. ಕಲಬುರಗಿಗೆ ಪ್ರತ್ಯೇಕ ವಿಭಾಗವೆಂದು 2014ರಲ್ಲಿ ಘೋಷಣೆಯಾದಾಗ ಆ ಭಾಗದ ಜನ ಸಂಭ್ರಮಿಸಿದ್ದು ಸಕಾರಣವಾಗಿಯೇ ಇತ್ತು. ಹೈದರಾಬಾದ್ ಕರ್ನಾಟಕದಲ್ಲಿ ಕೆಲಸ ಮಾಡಿದ ಯಾವ ಅಧಿಕಾರಿಯನ್ನು ಕೇಳಿದರೂ ಇದು ಅರ್ಥವಾಗುತ್ತದೆ. ಒಂದು ಕೆಳಸೇತುವೆಯಲ್ಲಿ ನೀರು ನಿಂತರೆ, ಒಂದು ಗೇಟು ಗಂಟೆಗಟ್ಟಲೆ ಮುಚ್ಚಿದ್ದರೆ, ವಿದ್ಯಾರ್ಥಿಗಳಿಗೆ ಒಂದು ನಿಲುಗಡೆ ಬೇಕಾದರೆ ಪತ್ರ ಬರೆಯಬೇಕಾದುದು ಬೇರೆ ರಾಜ್ಯದ ನಗರಕ್ಕೆ. ಅಲ್ಲಿನ ಅಧಿಕಾರಿಗಳು ಕೆಟ್ಟವರೆಂದಲ್ಲ, ಬಹುಪಾಲು ಸಜ್ಜನರೇ. ಆದರೆ ಅವರ ಬೆಳಗಿನ ಪತ್ರಿಕೆಯಲ್ಲಿ ನಮ್ಮ ಕೆಳಸೇತುವೆಯ ಚಿತ್ರ ಇರುವುದಿಲ್ಲ. ರೈಲು ಯಾವ ದಿಕ್ಕಿಗೆ ಹೋಗಲಿ, ನಮ್ಮ ಅರ್ಜಿಗಳು ಮಾತ್ರ ಸದಾ ‘ಅಪ್’.

ರೈಲುಗಳ ಸಂಖ್ಯೆಯಲ್ಲೂ ಈ ಚರಿತ್ರೆಯ ಗುರುತುಗಳಿವೆ. 1989ರ ಸುಮಾರಿಗೆ ದೇಶಕ್ಕೆಲ್ಲ ನಾಲ್ಕಂಕಿಯ ಸಂಖ್ಯೆ ಬಂದು, 2010ರ ಡಿಸೆಂಬರ್‌ನಲ್ಲಿ ಅದು ಐದಂಕಿಯಾಯಿತು. ಪ್ರಯಾಣಿಕನ ಕಣ್ಣಿನಿಂದ ಅಪ್-ಡೌನ್ ಮರೆಯಾಗಿ ಬೆಸ-ಸಮ ಉಳಿಯಿತು. ಬಹುಮಟ್ಟಿಗೆ ತವರಿನಿಂದ ಹೊರಡುವ ರೈಲಿಗೆ ಬೆಸಸಂಖ್ಯೆ, ಮರಳುವುದಕ್ಕೆ ಸಮ. ಉದ್ಯಾನ್ ಎಕ್ಸ್‌ಪ್ರೆಸ್ ಮುಂಬೈನಿಂದ ಹೊರಡುವಾಗ 11301. ಬೃಂದಾವನ ಚೆನ್ನೈನಿಂದ ಬರುವಾಗ 12639. 2022ರ ನವೆಂಬರ್‌ನಲ್ಲಿ ಆರಂಭವಾದ ವಂದೇ ಭಾರತ್ ಕೂಡ ಚೆನ್ನೈನಿಂದ ಮೈಸೂರಿಗೆ 20607, ಮೈಸೂರಿನಿಂದ 20608. ಕರ್ನಾಟಕ ಎಕ್ಸ್‌ಪ್ರೆಸ್ಸಿನ ಬೆಸಸಂಖ್ಯೆ 12627 ಮಾತ್ರ ಬೆಂಗಳೂರಿನಿಂದ ದೆಹಲಿಗೆ. ಹುಬ್ಬಳ್ಳಿ ನೈರುತ್ಯ ರೈಲ್ವೆಯ ಕೇಂದ್ರಸ್ಥಾನವಾದರೂ, 2023ರ ಜೂನ್‌ನಲ್ಲಿ ಬಂದ ಬೆಂಗಳೂರು-ಧಾರವಾಡ ವಂದೇ ಭಾರತ್‌ಗೆ ಬೆಂಗಳೂರಿನಿಂದ ಹೊರಡುವಾಗ 20661. ಹುಬ್ಬಳ್ಳಿಯ ಗೆಳೆಯರೊಬ್ಬರಿಗೆ ಇದನ್ನು ತೋರಿಸಿದಾಗ ಅವರು ನಕ್ಕು, ಕಚೇರಿ ನಮ್ಮದು, ತವರು ನಿಮ್ಮದು ಎಂದರು. ಸಂಖ್ಯೆ ಒಂದು ಸಂಕೇತವಷ್ಟೆ. ಆದರೆ ರೇಕ್‌ನ ಪ್ರಾಥಮಿಕ ನಿರ್ವಹಣೆ ಎಲ್ಲಿ ನಡೆಯುತ್ತದೆ, ವೇಳಾಪಟ್ಟಿಯ ಪ್ರಸ್ತಾವ ಯಾವ ವಲಯದಿಂದ ಹೋಗುತ್ತದೆ ಎಂಬ ಪ್ರಶ್ನೆಗಳು ಸಾಂಕೇತಿಕವಲ್ಲ.

ಹಾಗಾದರೆ ಈ ಹೆಸರುಗಳನ್ನೇ ಬದಲಿಸಿಬಿಡೋಣ, ಹುಬ್ಬಳ್ಳಿಯ ಕಡೆಗೆ ಹೋಗುವುದನ್ನೆಲ್ಲ ಅಪ್ ಮಾಡೋಣ ಎಂದು ಉತ್ಸಾಹಿಗಳು ಹೇಳಬಹುದು. ನಾನು ಅದಕ್ಕೆ ಒಪ್ಪಲಾರೆ. ಇಲ್ಲಿ ಪ್ರತಿಷ್ಠೆಗಿಂತ ಪ್ರಾಣ ಮುಖ್ಯ. ಸಿಗ್ನಲ್, ಪಾಯಿಂಟ್, ಲೂಪ್ ಲೈನ್, ಸ್ಟೇಷನ್ ಮಾಸ್ಟರರ ಪ್ಯಾನೆಲ್ ಮೇಲಿನ ಗುಂಡಿ, ಕೇಬಲ್ ನಕ್ಷೆ, ಚಾಲಕರ ನೆನಪು ಎಲ್ಲವೂ ಈ ಎರಡು ಪದಗಳಿಗೆ ಬೆಸೆದುಕೊಂಡಿವೆ. ವಲಯದ ಗಡಿ ಬದಲಾದರೂ ಹಳಿಯ ಹೆಸರು ಸಾಮಾನ್ಯವಾಗಿ ಹಾಗೆಯೇ ಉಳಿಯುವುದು ಈ ಕಾರಣದಿಂದ. ಅದು ವಿವೇಕ.

1999ರ ಆಗಸ್ಟ್ 2ರ ರಾತ್ರಿ ಗೈಸಾಲ್‌ನಲ್ಲಿ ನಡೆದದ್ದನ್ನು ನೆನೆಯಬೇಕು. ಕಿಶನ್‌ಗಂಜ್‌ನಲ್ಲಿ ಹಳಿ ಕಾಮಗಾರಿಗಾಗಿ ಇಂಟರ್‌ಲಾಕಿಂಗ್ ಬಿಚ್ಚಿದ್ದ ಹೊತ್ತು. ಅವಧ್ ಅಸ್ಸಾಂ ಎಕ್ಸ್‌ಪ್ರೆಸ್ ಎದುರು ದಿಕ್ಕಿನ ರೈಲುಗಳಿಗೆ ಮೀಸಲಾದ ಹಳಿಗೆ ಹೋಯಿತು. ಅದು ತಪ್ಪು ಹಳಿಯಲ್ಲಿ ಸಾಗುತ್ತಿರುವುದನ್ನು ಯಾರೂ ಸಕಾಲದಲ್ಲಿ ಗಮನಿಸಲಿಲ್ಲ. ಗೈಸಾಲ್‌ನಲ್ಲಿ ಬ್ರಹ್ಮಪುತ್ರ ಮೇಲ್ ಮುಖಾಮುಖಿಯಾಯಿತು. ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು, ರೈಲ್ವೆ ಸಚಿವ ನಿತೀಶ್ ಕುಮಾರ್ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು.

ಕನ್ನಡಿಗರಿಗೆ ಇನ್ನೂ ಹತ್ತಿರದ ದುರಂತ 2023ರ ಜೂನ್ 2ರದು. ಒಡಿಶಾದ ಬಹನಾಗಾ ಬಜಾರ್‌ನಲ್ಲಿ ಚೆನ್ನೈಗೆ ಹೊರಟಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಅಪ್ ಮುಖ್ಯ ಮಾರ್ಗದಲ್ಲಿ ಹಸಿರು ಸಿಗ್ನಲ್ ಇತ್ತು, ಪಾಯಿಂಟ್ ಮಾತ್ರ ಅಪ್ ಲೂಪ್‌ಗೆ ತಿರುಗಿತ್ತು. ಅಲ್ಲಿ ನಿಂತಿದ್ದ ಸರಕು ರೈಲಿಗೆ ಅದು ಬಡಿಯಿತು. ಹಳಿ ತಪ್ಪಿದ ಬೋಗಿಗಳು, ಡೌನ್ ಮಾರ್ಗದಲ್ಲಿ ಹಾದುಹೋಗುತ್ತಿದ್ದ ರೈಲಿನ ಕೊನೆಯ ಬೋಗಿಗಳನ್ನು ಅಪ್ಪಳಿಸಿದವು. ಆ ರೈಲು ಬೆಂಗಳೂರಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೌರಾಕ್ಕೆ ಹೊರಟಿದ್ದ 12864. ಮೃತರ ಸಂಖ್ಯೆ 290 ಮೀರಿತು. ಸಿಗ್ನಲ್ ಸರ್ಕ್ಯೂಟ್‌ಗಳ ಮಾರ್ಪಾಡಿನಲ್ಲಾದ ಲೋಪಗಳೇ ಕಾರಣವೆಂದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಹೇಳಿತು. ಹೌರಾದಿಂದ ದೂರ ಸರಿಯುವ ರೈಲು ಅಲ್ಲಿ ‘ಅಪ್’ ಎಂಬುದನ್ನು ಗಮನಿಸಿ; ದೋಣಿಯ ಕಾಲದ ಕಲ್ಕತ್ತೆಯ ಮಾತು 2023ರ ತನಿಖಾ ವರದಿಯಲ್ಲೂ ಜೀವಂತ. ಮರುವರ್ಷ ಅಕ್ಟೋಬರ್‌ನಲ್ಲಿ ಚೆನ್ನೈ ಸಮೀಪದ ಕವರೈಪೇಟೆಯಲ್ಲಿ ಮೈಸೂರು-ದರ್ಭಂಗಾ ಬಾಗ್ಮತಿ ಎಕ್ಸ್‌ಪ್ರೆಸ್ ಇದೇ ಬಗೆಯಲ್ಲಿ ಲೂಪ್ ಹಳಿಗೆ ಹೋಗಿ ಸರಕು ರೈಲಿಗೆ ಗುದ್ದಿತು. ಪುಣ್ಯಕ್ಕೆ ಪ್ರಾಣಹಾನಿಯಾಗಲಿಲ್ಲ.

ಈ ದುರಂತಗಳಿಗೆ ಹೆಸರಿನ ಗೊಂದಲವೇ ಕಾರಣವೆಂದು ಹೇಳುತ್ತಿಲ್ಲ. ಯಾವ ಹಳಿ ಯಾವ ದಿಕ್ಕಿಗೆ ಎಂಬ ಒಂದು ಸಂಗತಿ ಕೇಬಲ್‌ನಲ್ಲಿ, ಕಾಗದದಲ್ಲಿ, ಮನುಷ್ಯನ ತಲೆಯಲ್ಲಿ ಮೂರೂ ಕಡೆ ಒಂದೇ ಆಗಿರಬೇಕು. ಎಲ್ಲಿ ವ್ಯತ್ಯಾಸವಾದರೂ ಸಾವು ಒಳನುಗ್ಗುತ್ತದೆ. ಅಂಥ ಕಡೆ ಇತಿಹಾಸದ ಅನ್ಯಾಯವನ್ನು ಸರಿಪಡಿಸಲು ಹೋಗಿ ಸಾವಿರಾರು ನಕ್ಷೆಗಳನ್ನು ತಿದ್ದತೊಡಗಿದರೆ, ತಿದ್ದದೆ ಉಳಿದ ಒಂದೇ ಒಂದು ನಕ್ಷೆ ಸಾಕು. ಈಗ ಹಂತಹಂತವಾಗಿ ಅಳವಡಿಸಲಾಗುತ್ತಿರುವ ‘ಕವಚ್’ ವ್ಯವಸ್ಥೆಯಲ್ಲಿ ಹಳಿಯ ಮೇಲಿನ ಟ್ಯಾಗ್‌ಗಳೇ ಎಂಜಿನ್‌ಗೆ ಅದಿರುವ ಜಾಗವನ್ನು ತಿಳಿಸುತ್ತವೆ. ಅದು ಎಲ್ಲೆಡೆ ಬಂದಾಗಲೂ ಟ್ಯಾಗ್‌ನೊಳಗಿನ ಮಾಹಿತಿಯನ್ನು ತುಂಬುವವನು ಮನುಷ್ಯನೇ.

ಬದಲಿಸಬೇಕಾದುದು ಹಳಿಯ ಆಚೆಗಿನ ಭಾಷೆಯನ್ನು. ರೈಲ್ವೆಯೊಳಗಿನ ಸಂಕೇತ ರೈಲ್ವೆಯೊಳಗೇ ಇರಲಿ. ಜಿಲ್ಲಾಧಿಕಾರಿಗೆ ಬರುವ ಪತ್ರ, ಭೂಸ್ವಾಧೀನದ ಅಧಿಸೂಚನೆ, ಗೇಟು ಮುಚ್ಚುವ ಪ್ರಕಟಣೆ, ಅಪಘಾತವಾದಾಗ ಬಂಧುಗಳಿಗೆ ಕೊಡುವ ಮಾಹಿತಿ, ಇವುಗಳಲ್ಲಿ ಊರಿನ ಹೆಸರಿನಿಂದಲೇ ದಿಕ್ಕನ್ನು ಹೇಳುವುದನ್ನು ಕಡ್ಡಾಯಗೊಳಿಸಲು ಹಣ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಜೊತೆಗೆ, ಕಲಬುರಗಿ, ರಾಯಚೂರು, ಬೀದರ್‌ಗಳ ಕೆಳಸೇತುವೆ, ನಿಲುಗಡೆಗಳಂಥ ಸಣ್ಣ ವಿಷಯಗಳನ್ನು ಸ್ಥಳದಲ್ಲೇ ಇತ್ಯರ್ಥಗೊಳಿಸುವ ಅಧಿಕಾರವುಳ್ಳ ಹಿರಿಯ ಅಧಿಕಾರಿಯೊಬ್ಬರನ್ನು ಆ ಜಿಲ್ಲೆಗಳಲ್ಲೇ ಕೂರಿಸಬೇಕು. ವಿಭಾಗದ ಗಡಿ ಎಲ್ಲಿರಬೇಕೆಂಬ ವಾದ ಅದರ ಪಾಡಿಗೆ ನಡೆಯಲಿ.

ಬೆಂಗಳೂರಿನ ಉಪನಗರ ರೈಲಿನ ವಿಷಯದಲ್ಲಿ ನಮಗೊಂದು ಅಪೂರ್ವ ಅವಕಾಶವಿದೆ. 148 ಕಿಲೋಮೀಟರ್‌ಗಳ, 15,767 ಕೋಟಿ ರೂಪಾಯಿಗಳ ಆ ಯೋಜನೆಯ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೆಸರಿಟ್ಟವರ ಅಭಿರುಚಿ ಮೆಚ್ಚತಕ್ಕದ್ದು. ಇವುಗಳಲ್ಲಿ ಸಂಪಿಗೆ ಮಾರ್ಗ ಬೆಂಗಳೂರಿನ ಮುಖ್ಯ ನಿಲ್ದಾಣದಿಂದಲೇ ಹೊರಟು ದೇವನಹಳ್ಳಿಗೆ ಹೋಗುತ್ತದೆ. ಅಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂದು ಹಳೆಯ ಸೂತ್ರವೇ ಹೇಳೀತು. ಆದರೆ ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗುವ ಕನಕ ಮಾರ್ಗ ಆ ನಿಲ್ದಾಣವನ್ನು ಮುಟ್ಟುವುದೇ ಇಲ್ಲ. ಒಂದು ತುದಿಯ ಕಾರ್ಖಾನೆಗಳಿಗೆ ಇನ್ನೊಂದು ತುದಿಯಿಂದ ಕೆಲಸಕ್ಕೆ ಹೋಗುವ ಜನರೇ ಅದರ ಪ್ರಯಾಣಿಕರಾಗುತ್ತಾರೆ, ಸಂಜೆ ಅದೇ ದಾರಿ ತಿರುಗುಮುರುಗು. ಸಿಬ್ಬಂದಿ ಯಾವುದಾದರೂ ಒಂದು ತುದಿಯನ್ನು ಅಪ್ ಎಂದು ಕರೆದುಕೊಳ್ಳಲೇಬೇಕಾಗುತ್ತದೆ, ಕರೆದುಕೊಳ್ಳಲಿ. ಪ್ಲಾಟ್‌ಫಾರಂ ಮೇಲಿನ ಫಲಕದಲ್ಲಿ ಮಾತ್ರ ‘ಹೀಲಲಿಗೆ ಕಡೆಗೆ’, ‘ರಾಜಾನುಕುಂಟೆ ಕಡೆಗೆ’ ಎಂದು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಯಲಿ.